ಒಂದು ಗೇಣು ಮಣ್ಣು

ಮಳೆ ಬಿದ್ದ ಮೂರನೆಯ ದಿನ ಊರಿಗೆ ಹೊರಡುವುದೆಂದು ಮಾಣಿಕ ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದ. ಬೆಳಿಗ್ಗೆ ಚಹಾದ ಬಟ್ಟಲು ಕೈಗೆ ಬಂದಾಗ ಒಮ್ಮೆ, ಸಂಜೆ ರೊಟ್ಟಿಯ ಮುಂದೆ ಕುಳಿತಾಗ ಇನ್ನೊಮ್ಮೆ. ಮೊದಲ ದಿನ ನೆಲ ಕುಡಿಯಲಿ, ಎರಡನೆಯ ದಿನ ಆರಲಿ, ಮೂರನೆಯ ದಿನ ಎರಿಹೊಲ ಕುಂಟೆಗೆ ಹದವಾಗುತ್ತದೆ. ಅರವತ್ತಾರು ವರ್ಷದ ಅವನ ಬಾಳಿನಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದು ಮಳೆ ಮಾತ್ರ. ಎರಡು ವರ್ಷ ಅದು ಬಂದೇ ಇರಲಿಲ್ಲ.

ಔರಾದ ತಾಲೂಕಿನ ಹಳ್ಳಿಯೊಂದರಲ್ಲಿ ಅವನಿಗೆ ಮೂರೆಕರೆ ಕಪ್ಪು ಎರಿಹೊಲವಿತ್ತು. ಅವನ ತಂದೆ ಕಾಶೀರಾಮ ಬೇರೆಯವರ ನೆಲದಲ್ಲಿ ದುಡಿದು ಬೆನ್ನು ಬಾಗಿಸಿಕೊಂಡು, ಸರಕಾರಿ ಕಚೇರಿಗೆ ಹನ್ನೊಂದು ವರ್ಷ ಅಲೆದು ಪಟ್ಟಾ ಮಾಡಿಸಿಕೊಂಡ ಹೊಲ ಅದು. ಅವರ ಓಣಿಯಲ್ಲಿ ಸ್ವಂತ ನೆಲದ ಮೇಲೆ ಮೊದಲು ಕಾಲೂರಿದವನು ಕಾಶೀರಾಮ. ಬಾವಿ ಬತ್ತಿ, ಓಣಿಯ ಮುಕ್ಕಾಲು ಜನ ಹೈದರಾಬಾದಿಗೂ ಪುಣೆಗೂ ಗುಳೆ ಹೋದ ಮೇಲೆ, ಮಾಣಿಕ ಮತ್ತು ಅವನ ಹೆಂಡತಿ ಶೇವಂತಾಬಾಯಿ ಬೀದರದಲ್ಲಿದ್ದ ಮಗ ಮಚ್ಛೇಂದ್ರನ ಮನೆಗೆ ಬಂದಿದ್ದರು. ನೆರೆಯ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದ ಬರಗಾಲವದು.

ಮಚ್ಛೇಂದ್ರ ನಗರದಂಚಿನ ಕೊಳಾರದ ಒಂದು ಗೋದಾಮಿನಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸಕ್ಕಿದ್ದ. ಅದೇ ರಸ್ತೆಯ ಪಕ್ಕದ ಬಡಾವಣೆಯಲ್ಲಿ ಅವನ ಮನೆ. ತಂದೆತಾಯಿ ಮೊದಲು ಮುಂಭಾಗದ ತಗಡಿನ ಪತ್ರಾದ ಕೆಳಗೆ ಮಲಗುತ್ತಿದ್ದರು. ಜನವರಿಯಲ್ಲಿ ಅವನು ಅವರಿಗೆಂದೇ ಸ್ಲ್ಯಾಬ್ ಹಾಕಿದ ಒಂದು ಕೋಣೆ ಕಟ್ಟಿಸಿದ. ನೆರೆಹೊರೆಯವರು ಇಂಥ ಮಗ ಯಾರಿಗುಂಟು ಎಂದು ಹೊಗಳಿದರು. ತಿಂಗಳಿಗೊಮ್ಮೆ ಮೋಟರ್ ಸೈಕಲ್ ಮೇಲೆ ಔರಾದಕ್ಕೆ ಹೋಗಿ ಹೊಲ ನೋಡಿಕೊಂಡು ಬರುವವನೂ ಅವನೇ.

"ಹೊಲ ಹ್ಯಾಂಗದ?" ಎಂದು ಮಾಣಿಕ ಕೇಳುವನು.

"ಇದ್ದಲ್ಲೇ ಅದಪ್ಪಾ. ಹೊಲ ಎಲ್ಲಿ ಹೋಗ್ತದ?" ಎಂದು ಮಗ ನಗುವನು.

ಫೆಬ್ರವರಿ ಮೊದಲ ವಾರ ಸೊಸೆ ಕೌಸಲ್ಯಾ ಹಿತ್ತಲಲ್ಲಿ ಗುದ್ದಲಿ ಹಿಡಿದಾಗ ಮನೆಯೊಳಗಿನ ಮೊದಲ ಜಗಳ ಹುಟ್ಟಿತು. ಸಂತೆಯಲ್ಲಿ ಕಾಯಿಪಲ್ಲೆ ಮುಟ್ಟುವಂತಿರಲಿಲ್ಲ. ದಿನಾ ಹಿಂಡಿ ಚಟ್ನಿ, ದಿನಾ ಬೇಳೆ. ಒಂಬತ್ತನೆಯ ತರಗತಿಯ ಮಗಳು ಯಶೋಧರಾ ತಟ್ಟೆ ಸರಿಸಿ ಏಳುವಂತಾಗಿತ್ತು. ಹಿತ್ತಲಿನ ನೆಲ ಬೀದರದ ಕೆಂಪು ಮುರುಮ, ಕಲ್ಲು ಬೆರೆತ ಗಟ್ಟಿ ಮಣ್ಣು. ಒಂದು ಪೆಟ್ಟಿಗೆ ಒಂದು ಹಿಡಿ ಏಳುತ್ತಿತ್ತು. ಮಾಣಿಕ ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆ ನೋಡಿದ.

"ಇದು ಮಣ್ಣೇನವ್ವಾ? ಇಟ್ಟಂಗಿ ಪುಡಿ ಅದ. ಇದರಾಗ ಬದನಿ ಹಚ್ತಿ?"

"ನಮ್ಮ ತವರ ಮನ್ನಳ್ಳ್ಯಾಗ ಇದರಾಗೇ ಎಲ್ಲಾ ಬೆಳಿತಾರ್ರಿ ಮಾವಾ. ಒಡದು ಹದ ಮಾಡಬೇಕ್ರಿ."

"ನಿಮ್ಮ ಮನ್ನಳ್ಳ್ಯಾಗ ಕಲ್ಲಿಗಿ ಗೊಬ್ಬರ ಹಾಕಿ ಮಣ್ಣ ಅಂತಾರ."

"ಹೂಂರಿ, ಅಂತೀವಿ. ಹಂಗಂತ ಅನಕೋತೇ ಇಷ್ಟ ದಿನ ಉಂಡೀವಿ."

ಶೇವಂತಾಬಾಯಿ ಒಳಗಿನಿಂದ ನಕ್ಕಳು. ಗಂಡನಿಗೆ ಆ ನಗೆ ಹಿಡಿಸಲಿಲ್ಲ. ಆ ದಿನ ಮಧ್ಯಾಹ್ನ ಅವನು ರೊಟ್ಟಿ ದಪ್ಪವಾಯಿತೆಂದ, ಹಿಂಡಿಗೆ ಉಪ್ಪು ಹೆಚ್ಚಾಯಿತೆಂದ, ಸಂಜೆ ಚಹಾ ತಣ್ಣಗಾಯಿತೆಂದ. ಜೀವಮಾನವೆಲ್ಲ ದುಡಿದ ಮನುಷ್ಯನನ್ನು ಒಂದು ಕಟ್ಟೆಯ ಮೇಲೆ ಕೂರಿಸಿ ಸುಖವಾಗಿರು ಎನ್ನುವುದು ಉಪಕಾರವೆಂದು ಮಕ್ಕಳು ತಿಳಿಯುತ್ತಾರೆ. ಅದು ಉಪಕಾರವಲ್ಲವೆಂಬುದನ್ನು ಆ ಮನೆಯಲ್ಲಿ ಅಡುಗೆ ಮಾಡುವ ಸೊಸೆ ದಿನಕ್ಕೆ ಮೂರು ಸಲ ಕಲಿಯುತ್ತಿದ್ದಳು.

ಮುಂದಿನ ಭಾನುವಾರ ಮಚ್ಛೇಂದ್ರ ಈ ಕಟಿಪಿಟಿಗೆ ತನ್ನದೇ ಪರಿಹಾರ ತಂದ. ಹಿತ್ತಲ ಬಾಗಿಲಿಗೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರಾಲಿಯ ತುಂಬ ಕಪ್ಪು ಮಣ್ಣು.

"ಫುಕಟ ಸಿಕ್ತಪ್ಪಾ. ಭಾಲ್ಕಿ ಕಡಿ ಕೆರಿ ಹೂಳ ತಗಿಲಾಕತ್ತಾರ. ಒಂದ ಖೇಪ ಹೊಡಿಸಿದೆ."

ಮಾಣಿಕ ಒಂದು ಹೆಂಟೆ ಎತ್ತಿಕೊಂಡು ಒಡೆದ. ಮೂಗಿಗೆ ಹಿಡಿದ. ಊರು ಬಿಟ್ಟ ಮೇಲೆ ಮೊದಲ ಬಾರಿ ಅವನ ಮುಖ ಬಿಚ್ಚಿತು. "ಇದಕ್ಕಂತಾರ ನೋಡವ್ವಾ ಮಣ್ಣ" ಎಂದು ಸೊಸೆಯತ್ತ ಕೈ ಚಾಚಿದ.

ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಭಾಲ್ಕಿಯ ಪಂಢರಿ. ಶೇವಂತಾಬಾಯಿಯ ತವರೂರಿನವನು. ಅವಳು ಕೊಟ್ಟ ನೀರನ್ನು ಅವನು ಸೀಟಿನಿಂದ ಇಳಿಯದೆಯೇ ಕುಡಿದ.

"ಜರಾ ಇಳಿದು ಕೂಡಪಾ" ಎಂದಳು ಅವಳು.

"ಇಲ್ರಿ ಅಕ್ಕಾ. ಈ ವಾರ ಇದು ಆರ್ನೇ ಖೇಪ."

"ಉಳಿದದ್ದೆಲ್ಲ ಎಲ್ಲಿಗಿ ಒಯ್ದಿ?"

"ಹೊಸ ಲೇಔಟಿಗ್ರಿ. ಬಂಗ್ಲೆದವ್ರ ಹುಲ್ಲ ಬೆಳಸ್ತಾರಲ್ರಿ."

ಯಾವ ದನವೂ ಮೇಯದ ಹುಲ್ಲಿಗೆ ನಗರದಲ್ಲಿ ಕಪ್ಪು ಮಣ್ಣೂ ಟ್ಯಾಂಕರ್ ನೀರೂ ದೊರೆಯುತ್ತಿದ್ದವು. ಹೊಟ್ಟೆಗೆ ಬೆಳೆಯುವ ಹೊಲಗಳಿಗೆ ಎರಡರಲ್ಲಿ ಒಂದೂ ಇರಲಿಲ್ಲ. ಇದನ್ನು ಅನ್ಯಾಯವೆಂದು ಕರೆಯಲು ಆ ವರ್ಷ ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರೂ ನಲ್ಲಿಯ ಮುಂದೆ ಸಾಲು ನಿಂತಿದ್ದರು.

ಮಣ್ಣನ್ನು ಹೇಗೆ ಹಾಕಬೇಕೆಂಬುದಕ್ಕೆ ಎರಡನೆಯ ಜಗಳ. ಕೆಳಗಿನ ಮುರುಮವನ್ನು ಮೊದಲು ಒಡೆಯಬೇಕು, ಎರಡು ಬುಟ್ಟಿ ಕೆಂಪಿಗೆ ಒಂದು ಬುಟ್ಟಿ ಕಪ್ಪು, ಒಂದು ಬುಟ್ಟಿ ಆಡಿನ ಹಿಕ್ಕಿ ಮತ್ತು ಒಣಗಿದ ಎಲೆ ಸೇರಿಸಿ ಕಲಸಬೇಕು ಎಂಬುದು ಕೌಸಲ್ಯಾಳ ಮಾತು.

"ಹಾಲಿನಾಗ ನೀರ ಕಲಸಿದಂಗ ಎರ್ಯಾಗ ಮುರುಮ ಕಲಸ್ತಿ?" ಎಂದ ಮಾಣಿಕ. "ಒಂದ ಗೇಣ ದಪ್ಪ ಹಾಸ್ತೇನಿ. ಬೀಜ ಚೆಲ್ಲಿ ಕೂಡೋದೇ."

"ಎರಿಗಿ ಕೆಳಗ ಎರಿನೇ ಇರಬೇಕ್ರಿ ಮಾವಾ. ಇಲ್ಲಿ ಕೆಳಗ ಕಲ್ಲಬಂಡಿ ಅದ. ನೀರು ಕಮ್ಮಿ. ಬಿರೀತದ."

"ಎರಿ ಬಗ್ಗಿ ನನಗ ಹೇಳ್ತಿ ನೀ."

ಹಿತ್ತಲು ಇಬ್ಭಾಗವಾಯಿತು. ಬೇವಿನ ಗಿಡದ ಆಚೆ ಮಾವನ ಮಡಿ, ಈಚೆ ಸೊಸೆಯ ಮಡಿ. ಉಳಿದ ಎರಡು ಬುಟ್ಟಿ ಕಪ್ಪು ಮಣ್ಣು ನೀರಿನ ಡ್ರಮ್ಮಿನ ಬುಡದಲ್ಲಿ ಗುಡ್ಡೆಯಾಗಿ ಬಿತ್ತು. ಮಾಣಿಕ ಮೆಂತೆ, ಕೊತ್ತಂಬರಿ, ರಾಜಗಿರಿ ಚೆಲ್ಲಿದ. ಕೌಸಲ್ಯಾ ಕುಣಿ ತೋಡಿ ಕಲಸಿದ ಮಣ್ಣು ತುಂಬಿ ಬದನೆ, ಚವಳಿ, ಮೆಣಸಿನ ಸಸಿ ಹಚ್ಚಿ ಬುಡಕ್ಕೆಲ್ಲ ಜೋಳದ ಕಣಿಕೆ ಹೊದಿಸಿದಳು. ಮೂಲೆಯಲ್ಲಿ ಪುಂಡಿ ಬೀಜ ಊರಿದಳು.

ನಲ್ಲಿಗೆ ನೀರು ಎಂಟು ದಿನಕ್ಕೊಮ್ಮೆ. ಕೌಸಲ್ಯಾ ಮನೆಗೆ ಕಾಯಿದೆ ಹೊರಡಿಸಿದಳು. ಮುಸುರೆ ಬೂದಿಯಿಂದಲೇ ತಿಕ್ಕಬೇಕು. ಅಕ್ಕಿ ತೊಳೆದ ನೀರು ಮೆಣಸಿನ ಬುಡಕ್ಕೆ. ಸ್ನಾನ ಹಿತ್ತಲ ಬಂಡೆಯ ಮೇಲೆ, ಕಡಲೆಹಿಟ್ಟಿನಲ್ಲಿ. ಸಾಬೂನು ಬೇಕಾದವರ ನೀರು ಗಟಾರಿಗೆ ಹೋಗುತ್ತದೆ, ಅವರ ತಟ್ಟೆಗೆ ಪಲ್ಲೆ ಬರುವುದಿಲ್ಲ.

"ಕ್ಲಾಸಿನಾಗ ಎಲ್ಲಾರೂ ನನಗ ಭಜಿ ಅಂತಾರ" ಎಂದಳು ಯಶೋಧರಾ. "ಮೈಯೆಲ್ಲಾ ಕಡ್ಲಿಹಿಟ್ಟಿನ ವಾಸನಿ."

"ಅನ್ಲಿ. ಭಜಿ ಯಾರಿಗಿ ಸೇರಂಗಿಲ್ಲ?" ಎಂದಳು ಅಜ್ಜಿ.

"ಆಯಿ, ನೀ ಸಾಲಿಗಿ ಹೋಗು, ನಾ ಮನ್ಯಾಗ ಕೂಡ್ತೇನಿ."

"ನನ್ನ ಕಾಲಕ್ಕ ಸಾಲ್ಯಾಗ ಕೂಡಸ್ಕೊಂಡಿದ್ರ ಖರೇ ಹೋಗ್ತಿದ್ದೆ ನೋಡು, ಹಿಟ್ಟ ಹಚಗೊಂಡರೂ ಹೋಗ್ತಿದ್ದೆ."

ಮರುದಿನ ಯಶೋಧರಾ ಬಂಡೆಯ ಮೇಲೆಯೇ ನಿಂತು ಸ್ನಾನ ಮಾಡಿದಳು.

ಮೆಂತೆ ನಾಲ್ಕನೆಯ ದಿನ ಹುಟ್ಟಿತು. ಮಾಣಿಕ ಓಣಿಯವರನ್ನೆಲ್ಲ ಕರೆದು ತೋರಿಸಿದ. ಕೌಸಲ್ಯಾಳ ಬದನೆ ಸಸಿಗಳು ಆಗಿನ್ನೂ ತಲೆ ಬಾಗಿಸಿ ನಿಂತಿದ್ದವು. ಆದರೆ ಮಾರ್ಚ್ ತಿಂಗಳ ಬಿಸಿಲು ಏರಿದಂತೆ ಕಪ್ಪು ಮಡಿ ಮೊದಲು ಗಟ್ಟಿಯಾಯಿತು, ಬಳಿಕ ಬೆರಳು ತೂರುವಷ್ಟು ಬಿರಿಯಿತು, ಕೊನೆಗೆ ಮುಷ್ಟಿ ಇಳಿಯುವಷ್ಟು. ಔರಾದದಲ್ಲಿ ಅಂಥ ಬಿರುಕಿನ ಕೆಳಗೆ ಇನ್ನೂ ತಂಪು ಎರಿ ಇರುತ್ತದೆ. ಬೇರು ಅಲ್ಲಿಗೆ ಇಳಿದು ಬದುಕುತ್ತದೆ. ಇಲ್ಲಿ ಕೆಳಗೆ ಒಡೆಯದ ಬಂಡೆ. ಮೆಂತೆಯ ಎಳೆ ಬೇರುಗಳು ಬಿರುಕಿನ ಎರಡು ದಂಡೆಗಳ ನಡುವೆ ಹರಿದು ನೇತಾಡಿದವು.

ಪಕ್ಕದ ಮನೆಯ ಅಕ್ತರಬೀ ಗೋಡೆಯ ಮೇಲೆ ಮೊಳಕೈ ಊರಿ ನೋಡಿದಳು. ಆಡಿನ ಹಿಕ್ಕಿ ಕೊಡುತ್ತಿದ್ದವಳು ಅವಳೇ. "ಮಾಣಿಕ ಭಾಯಿ, ನಿಮ್ಮ ಕಾಲಿ ಮಿಟ್ಟಿ ಬಾಯಿ ತಗದಾಳ ನೋಡ್ರಿ. ಪಾನಿ ಕೇಳ್ಲಾಕತ್ತಾಳ."

"ಕೇಳ್ಲಿ ಬಿಡವ್ವಾ. ಇಡೀ ಬೀದರ ಕೇಳ್ಲಾಕತ್ತದ."

"ಸೊಸಿ ಮಿಟ್ಟಿ ಬಾಯಿ ಮುಚಗೊಂಡು ಕುಂತಾಳಲ್ರಿ."

ಮಾಣಿಕ ಒಳಗೆ ಹೋದ. ಶೇವಂತಾಬಾಯಿ ಮೆಲ್ಲಗೆ ಹೇಳಿದಳು: "ಹ್ಯಾಂಗ ಕಲಸ್ಯಾಳ, ಆಕಿಗಿ ಕೇಳ್ರಿ."

"ಸೊಸಿಗಿ ಕೇಳೋ ವಯಸ್ಸಲ್ಲ ನಂದು."

ಕೇಳಲಿಲ್ಲ. ಆದರೆ ಮರುದಿನ ಕೌಸಲ್ಯಾ ಹೊಸ ಕುಣಿಗೆ ಮಣ್ಣು ಕಲಸುವಾಗ ಅವನು ಕಟ್ಟೆಯ ಮೇಲೆ ಬೇರೆಲ್ಲೋ ನೋಡುವವನಂತೆ ಕುಳಿತು ಬುಟ್ಟಿಗಳನ್ನು ಎಣಿಸಿದ. ಅವಳಿಗೆ ಅದು ತಿಳಿಯಿತು. ಅವಳು ಬುಟ್ಟಿಗಳನ್ನು ಬೇಕೆಂದೇ ನಿಧಾನವಾಗಿ, ಒಂದೊಂದನ್ನೂ ಎತ್ತಿ ಹಿಡಿದು ಸುರಿದಳು. ಮಧ್ಯಾಹ್ನ ಅವಳು ಮಲಗಿದ್ದಾಗ ಹಿತ್ತಲಲ್ಲಿ ಗುದ್ದಲಿಯ ಸದ್ದು ಕೇಳಿತು. ಏಪ್ರಿಲ್ ಬರುವಷ್ಟರಲ್ಲಿ ಬೇವಿನ ಆಚೆ ಈಚೆ ಎಂಬ ಭೇದ ಉಳಿಯಲಿಲ್ಲ. ಎರಡು ಮಡಿಗಳ ಬಣ್ಣವೂ ಒಂದೇ ಆಗಿತ್ತು, ಕೆಂಪೂ ಅಲ್ಲದ ಕಪ್ಪೂ ಅಲ್ಲದ ಬೆಲ್ಲದ ಬಣ್ಣ.

ಏಪ್ರಿಲ್ ಹದಿನಾಲ್ಕರ ಜಯಂತಿಯ ದಿನ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಲೆ, ಚವಳಿಕಾಯಿ ಮೂರೂ ಆದವು. ಮಾಣಿಕ ಬಿಳಿಯ ಅಂಗಿ ತೊಟ್ಟು ಊಟಕ್ಕೆ ಕುಳಿತ. "ಮಳಿ ಬಿದ್ದ ಮೂರ್ನೇ ದಿನ ಹೊರಡೋದು" ಎಂದ. "ಆದ್ರ ಈ ಮಡಿ ಬಿಟ್ಟು ಹೋಗ್ಲಾಕ ಈಗ ಜರಾ ಕಸಿವಿಸಿ ಆಗ್ತದ."

"ಹಂಗಾದ್ರ ಇಲ್ಲೇ ಇರ್ರಿ ಅಪ್ಪಾ. ಹೊಲದಾಗ ಏನಿಟ್ಟದ?" ಎಂದ ಮಚ್ಛೇಂದ್ರ, ತಟ್ಟೆಯಿಂದ ತಲೆಯೆತ್ತದೆ.

"ಹೊಲದಾಗ ಹೊಲ ಅದ" ಎಂದ ತಂದೆ.

ಡ್ರಮ್ಮಿನ ಬುಡದ ಮಣ್ಣಿನ ಗುಡ್ಡೆಯನ್ನು ಎಲ್ಲರೂ ಮರೆತಿದ್ದರು. ಡ್ರಮ್ಮಿನ ನಲ್ಲಿ ಹಗಲಿರುಳು ತೊಟ್ಟಿಕ್ಕುತ್ತಿತ್ತು. ಆ ತೇವಕ್ಕೆ ಯಾರೂ ಊರದ ಒಂದು ಬಳ್ಳಿ ಹುಟ್ಟಿ ಡ್ರಮ್ಮಿಗೆ ಹಬ್ಬಿತ್ತು. ಕೌಸಲ್ಯಾ ಕೀಳಲು ಹೋದಾಗ ಅತ್ತೆ ತಡೆದಿದ್ದಳು. ಮೇ ಮೊದಲ ವಾರದಲ್ಲಿ ಅದಕ್ಕೆ ಕಾಯಿಗಳು ಬಲಿತವು. ಒಂದು ಭಾನುವಾರ ಬೆಳಿಗ್ಗೆ ಶೇವಂತಾಬಾಯಿ ಒಣಗಿದ ಒಂದು ಕಾಯಿಯನ್ನು ಕಿತ್ತು ಸುಲಿದಳು. ಕಾಳು ಅಂಗೈಗೆ ಉರುಳಿತು. ಅರ್ಧ ಬಿಳಿದು, ಅರ್ಧ ಕೆಂಪು.

ಅವಳಿಗೆ ಅದು ಯಾವುದೆಂದು ತಿಳಿಯಲು ಎರಡನೆಯ ಸಲ ನೋಡಬೇಕಾಗಲಿಲ್ಲ. ಕವಡೆ ಅಲಸಂದೆ. ಮದುವೆಯಾಗಿ ಬರುವಾಗ ಭಾಲ್ಕಿಯಿಂದ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಬೀಜ ಅದು. ಔರಾದದ ಹೊಲದ ಬದುವಿನ ಗುಂಟ ನಲವತ್ತು ವರ್ಷ ಅವಳೊಬ್ಬಳೇ ಬಿತ್ತುತ್ತಿದ್ದಳು. ಊರಿನ ಬೇರೆ ಯಾರ ಹೊಲದಲ್ಲಿಯೂ ಅದಿರಲಿಲ್ಲ. ಕಳೆದೆರಡು ವರ್ಷ ಬಿತ್ತಿದ್ದು ಮಳೆಯಿಲ್ಲದೆ ಮಣ್ಣಿನಲ್ಲೇ ಉಳಿದಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಅವಳು ಮಗನ ತಟ್ಟೆಯ ಪಕ್ಕ ಐದು ಕಾಳು ಇಟ್ಟಳು.

"ಮಚ್ಛೇಂದ್ರ, ಈ ಮಣ್ಣ ಎಲ್ಲಿಂದ ತಂದಿ?"

"ಹೇಳೀನಲ್ಲವ್ವಾ. ಭಾಲ್ಕಿ ಕೆರಿದು."

"ಕೆರ್ಯಾಗ ಅಲಸಂದಿ ಯಾರ ಬಿತ್ತಿದ್ರು?"

ಅವನು ಕಾಳುಗಳನ್ನು ನೋಡಿದ. "ನಿನ್ನ ತವರಮನಿ ಕಡಿದೇ ಇರಬೇಕು. ನೀರಾಗ ಹರಕೋತ ಬಂದಿರ್ತದ."

"ಎರಡ ವರ್ಷ ಮಳಿನೇ ಇಲ್ಲ. ಯಾವ ನೀರಾಗ ಹರಕೋತ ಬಂತು?"

ಯಶೋಧರಾ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅಪ್ಪನನ್ನು ನೋಡಿದಳು. ಮಾಣಿಕ ಒಂದು ಕಾಳು ಎತ್ತಿಕೊಂಡು ಬೆಳಕಿಗೆ ಹಿಡಿದ.

"ಹೊಲ ಮಾರಿದೇನೋ?" ಎಂದ.

"ಇಲ್ಲಪ್ಪಾ. ಹೊಲ ಯಾಕ ಮಾರ್ಲಿ? ಪಹಣಿ ನಿನ್ನ ಹೆಸರಿಲೇ ಅದ, ಬೇಕಾದ್ರ ತಗಿಸಿ ನೋಡು. ಹೊಲ ಮಾರಿಲ್ಲ." ಮಚ್ಛೇಂದ್ರ ಕೈ ತೊಳೆದುಕೊಂಡ. "ಮ್ಯಾಲಿನ ಒಂದ ಗೇಣ ಮಣ್ಣಷ್ಟೇ ಮಾರೀನಿ."

ಮಾಣಿಕ ಎಡಗೈಯ ಹೆಬ್ಬೆರಳನ್ನೂ ಕಿರುಬೆರಳನ್ನೂ ಅಗಲಿಸಿ ನೆಲದ ಮೇಲೆ ಇಟ್ಟ. "ಯಾರ ಗೇಣು? ನನ್ನ ಗೇಣೋ, ಜೆಸಿಬಿ ಗೇಣೋ?"

ಮಗ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಎಷ್ಟ ಎಕರೆದು?"

"ಎರಡು. ಮೂರ್ನೇದ್ದು ಅರ್ಧ."

"ಯಾಕ?"

"ಯಾಕ ಅಂತ ಕೇಳ್ತಿ. ತೆಲಿ ಮ್ಯಾಲ ನೋಡಪ್ಪಾ." ಮಚ್ಛೇಂದ್ರನ ದನಿ ಏರಿತು. "ಬಂದ ಹೊಸದಾಗಿ ದಸರಾ ಬಿಸಲಿಗಿ ಪತ್ರಾದ ಬುಡಕ ಅವ್ವಗ ಚಕ್ಕರ ಬಂದು ಬಿದ್ದಿದ್ಳು. ದವಾಖಾನಿಗಿ ಒಯ್ದವ ನಾನು. ನೀವು ಮಲಗೋ ಕೋಲಿ ಎಲ್ಲಿಂದ ಬಂತು ಅಂತ ನೀವ್ಯಾರೂ ಕೇಳಿಲ್ಲ. ಹೊಲ ಖಾಲಿ ಬಿದ್ದಿತ್ತು, ಬೆಳಿ ಇಲ್ಲ, ಮಳಿ ಇಲ್ಲ. ಸುಮ್ಮ ಬಿದ್ದ ಮಣ್ಣು. ಒಬ್ಬವ ಬಂದು ಕೇಳ್ದ, ಕೊಟ್ಟೆ."

"ಸುಮ್ಮ ಬಿದ್ದ ಮಣ್ಣು" ಎಂದಳು ಶೇವಂತಾಬಾಯಿ. "ಮಂದಿ ಗುಳೆ ಹೋದ್ರು. ದನ ಹೋದ್ವು. ಮಣ್ಣರ ಊರಾಗ ಉಳಿದಿತ್ತು. ಅದಕ್ಕೂ ಗುಳೆ ಕಳಿಸಿದೆಲ್ಲೋ."

ಕೌಸಲ್ಯಾ ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿದ್ದಳು. "ನನಗೂ ಕೆರಿ ಹೂಳ ಅಂದ್ರಿ" ಎಂದಳು ಗಂಡನಿಗೆ. "ನನ್ನ ಕೈಲೇ ಕಲಸಿಸಿದ್ರಿ."

ಮಚ್ಛೇಂದ್ರನ ಈ ಸಮಜಾಯಿಷಿಯಲ್ಲಿ ಸುಳ್ಳಿರಲಿಲ್ಲ. ತಾಯಿ ಬಿದ್ದದ್ದು ನಿಜ, ಕೋಣೆ ತಂಪಾಗಿದ್ದುದು ನಿಜ, ಪಹಣಿಯಲ್ಲಿ ತಂದೆಯ ಹೆಸರಿದ್ದುದೂ ನಿಜ. ಕಾಗದದ ಮೇಲಿನ ಮೂರೆಕರೆಯಲ್ಲಿ ಒಂದು ಗುಂಟೆಯೂ ಕಡಿಮೆಯಾಗಿರಲಿಲ್ಲ. ಆದರೂ ಅವನು ತಂದೆಯಿಂದ ಏನನ್ನು ಕಸಿದನೆಂಬುದು ಅವನಿಗೆ ತಿಳಿದೇ ಇತ್ತು. ತಿಳಿಯದವನು ಕೆರೆಯ ಕತೆ ಕಟ್ಟುತ್ತಿರಲಿಲ್ಲ. ಕೇಳಿ ಮಾಡಬೇಕಾದ ಕೆಲಸವನ್ನು ಕೇಳದೆ ಮಾಡಿ, ಆಮೇಲೆ ಅದಕ್ಕೆ ಪ್ರೀತಿಯ ಹೆಸರಿಡುವುದು ಓದಿದ ಮಕ್ಕಳ ಹೊಸ ಜಾಣತನ.

ಮಾಣಿಕ ಎದ್ದು ಕೋಣೆಗೆ ಹೋಗಿ ತನ್ನ ಹಾಸಿಗೆ ಸುತ್ತಿಕೊಂಡು ಬಂದ. ಪತ್ರಾದ ಕೆಳಗೆ ಹಾಸಿದ.

"ಮುತ್ಯಾ, ಅಲ್ಲಿ ಭಾಳ ಧಗಿ ಅದ" ಎಂದಳು ಯಶೋಧರಾ.

"ಇರ್ಲವ್ವಾ. ಇದು ಪತ್ರಾ. ಯಾರ ಹೊಲಾನೂ ಅಲ್ಲ."

ಮೂರು ವಾರ ಆ ಮನೆಯಲ್ಲಿ ತಂದೆಮಗನ ನಡುವೆ ಮಾತಿರಲಿಲ್ಲ. ಶೇವಂತಾಬಾಯಿ ಗಂಡನ ಜೊತೆ ಪತ್ರಾದ ಕೆಳಗೆ ಬಂದಳು. ಸ್ಲ್ಯಾಬಿನ ಕೋಣೆ ಖಾಲಿ ಬಿತ್ತು. ಮಚ್ಛೇಂದ್ರ ಅದರ ಬಾಗಿಲನ್ನು ತೆರೆದಿಡುವನು, ಕೌಸಲ್ಯಾ ಮುಚ್ಚುವಳು. ಗಂಡನಿಗೆ ಅವಳು ರೊಟ್ಟಿ ಬಡಿಸುತ್ತಿದ್ದಳು, ಪಲ್ಲೆ ಬಡಿಸುತ್ತಿರಲಿಲ್ಲ.

"ಪಲ್ಲೆ ಎಲ್ಲಿ?" ಎಂದು ಅವನು ಒಂದು ದಿನ ಕೇಳಿದ.

"ಮಾವಗ ಕೇಳ್ರಿ. ಅವರ ಮಣ್ಣಾಗ ಬೆಳದದ್ದದು."

ಅವನು ಹಿಂಡಿಯಲ್ಲಿ ಉಂಡು ಗೋದಾಮಿಗೆ ಹೋದ. ಅಕ್ತರಬೀ ಗೋಡೆಯಾಚೆಯಿಂದ ಈ ಮೌನವನ್ನು ಗಮನಿಸಿ ಆಡಿನ ಹಿಕ್ಕಿಯ ಬುಟ್ಟಿಯನ್ನು ಸದ್ದಿಲ್ಲದೆ ಇಟ್ಟು ಹೋಗತೊಡಗಿದಳು.

ಜೂನ್ ಮೊದಲ ವಾರ ಆಕಾಶ ಕಪ್ಪಿಟ್ಟಿತು. ಅಂದು ಮುಂಜಾನೆ ಮಾಣಿಕ ಐದು ಖಾಲಿ ಗೊಬ್ಬರದ ಚೀಲ ಹುಡುಕಿ ತಂದು ಹಿತ್ತಲ ಮಡಿಗೆ ಸಲಿಕೆ ಇಟ್ಟ. ಬದನೆ ಗಿಡಗಳು ಅಲುಗಾಡಿದವು. ಕೌಸಲ್ಯಾ ಓಡಿ ಬಂದಳು.

"ಏನ ಮಾಡ್ಲಾಕತ್ತೀರಿ ಮಾವಾ?"

"ನನ್ನ ಮಣ್ಣ ಒಯ್ತೇನಿ."

"ಬದನಿ ಸಾಯ್ತಾವ್ರಿ."

"ಸಾಯ್ಲಿ. ನನ್ನ ಹೊಲ ಸತ್ತದ."

ಅವಳು ಸಲಿಕೆಯನ್ನು ಕಸಿಯಲಿಲ್ಲ. ಮಡಿಯ ಅಂಚಿಗೆ ಕುಳಿತು ಒಂದು ಬೊಗಸೆ ಮಣ್ಣು ಎತ್ತಿ ಅವನ ಮುಂದೆ ಹಿಡಿದಳು. "ಒಯ್ರಿ. ನಿಮ್ಮದೆಷ್ಟ ಅದ ಅಷ್ಟು ಆರಿಸಿ ಒಯ್ರಿ. ಯಾವುದು ಔರಾದದ್ದು, ಯಾವುದು ಇಲ್ಲಿ ಮುರುಮ, ಯಾವುದು ಅಕ್ತರಬೀ ಆಡಿಂದು, ಯಾವುದು ನಿಮ್ಮ ಮೊಮ್ಮಗಳ ಮೈ ತೊಳೆದ ಕಡ್ಲಿಹಿಟ್ಟು. ಆರಿಸ್ರಿ, ನಾ ಚೀಲ ಹಿಡಿತೇನಿ."

ಮಾಣಿಕ ಬೊಗಸೆಯನ್ನು ನೋಡಿದ. ಅದರಲ್ಲಿ ಒಂದು ಎರೆಹುಳ ಮಗ್ಗುಲಾಯಿತು. ಅವನು ಸಲಿಕೆಯನ್ನು ನೆಟ್ಟು ಅದರ ಹಿಡಿಯ ಮೇಲೆ ಗದ್ದ ಊರಿ ನಿಂತ. ಚೀಲಗಳು ಖಾಲಿಯೇ ಉಳಿದವು. ಸಂಜೆ ಮಳೆ ಬಂತು. ಪತ್ರಾದ ಮೇಲೆ ಅದರ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದಂತಾಯಿತು. ಆ ಮನೆಯಲ್ಲಿ ಆ ದಿನ ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮಾಣಿಕನೂ ಶೇವಂತಾಬಾಯಿಯೂ ಹೊರಟಾಗ ಕೌಸಲ್ಯಾ ಬಾಗಿಲಲ್ಲಿ ಸೀರೆ ಕಚ್ಚೆ ಬಿಗಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಒಂದು ತುಂಬಿದ ಚೀಲ, ಒಂದು ಗುದ್ದಲಿ. ತನ್ನ ಬದನೆಯ ಮಡಿಯಿಂದಲೇ, ಎಲ್ಲಕ್ಕಿಂತ ಹದವಾದ ಕಡೆಯಿಂದ, ಅವಳು ನಸುಕಿನಲ್ಲಿ ತುಂಬಿದ ಮಣ್ಣು. ಶಾಲೆ ಶುರುವಾಗಿದ್ದರಿಂದ ಯಶೋಧರಾ ಮನೆಯಲ್ಲುಳಿದಳು.

"ಗಾಡಿ ಮ್ಯಾಲ ಬಿಡ್ತೇನಿ, ಒಬ್ಬೊಬ್ಬರಿಗೀ" ಎಂದ ಮಚ್ಛೇಂದ್ರ.

ಮಾಣಿಕ ಚೀಲದ ಒಂದು ತುದಿ ಹಿಡಿದ. ಸೊಸೆ ಇನ್ನೊಂದು ಹಿಡಿದಳು.

ಔರಾದದ ಬಸ್ಸಿನಲ್ಲಿ ಚೀಲಕ್ಕಾಗಿ ಕಂಡಕ್ಟರನೊಡನೆ ತಕರಾರಾಯಿತು.

"ಏನದ ಚೀಲದಾಗ?"

"ಹೊಲ ಅದರಿ" ಎಂದಳು ಶೇವಂತಾಬಾಯಿ.

ಕಂಡಕ್ಟರ ಚೀಲದ ಬಾಯಿ ಬಿಚ್ಚಿಸಿ ನೋಡಿದ. "ಮಣ್ಣಿಗಿ ಯಾವ ಟಿಕೇಟ ಕೊಡ್ಲಿ ಅಜ್ಜಿ? ಫುಲ್ಲೋ ಹಾಫೋ?"

"ಸಣ್ಣ ಕೂಸದಪ್ಪಾ. ಹಾಫ ಕೊಡು."

ಬಸ್ಸು ನಕ್ಕಿತು. ಮಾಣಿಕ ನಗಲಿಲ್ಲ. ಜನವಾಡ ದಾಟಿತು, ಮಾಂಜ್ರಾ ಹೊಳೆಯ ಸೇತುವೆಯ ಕೆಳಗೆ ಮರಳಿನ ನಡುವೆ ಒಂದೆರಡು ಕಡೆ ಹೊಸ ನೀರು ನಿಂತಿತ್ತು. ರಸ್ತೆಯ ಎರಡೂ ಬದಿ ಜನ ಕುಂಟೆ ಹೂಡಿದ್ದರು. ಅವನು ಕಿಟಕಿಯಿಂದ ಎಲ್ಲರ ಹೊಲವನ್ನೂ ನೋಡಿದ.

ತನ್ನ ಹೊಲವನ್ನು ಅವನು ಮೊದಲು ಗುರುತಿಸಲಿಲ್ಲ. ಕಾಶೀರಾಮ ಕಲ್ಲು ಆರಿಸಿ ಕಟ್ಟಿದ ಬದು ಮಾತ್ರ ಇದ್ದಲ್ಲೇ ಇತ್ತು. ಅದರೊಳಗಿನ ನೆಲ ಸುತ್ತಲಿನ ಹೊಲಗಳಿಗಿಂತ ಮೊಣಕಾಲಿನಷ್ಟು ಕೆಳಗೆ ಇಳಿದಿತ್ತು. ಎರಿಯ ಅಡಿಯಲ್ಲಿದ್ದ ಹಳದಿ ಗರಸು ಬಿಸಿಲಿಗೆ ಹೊಳೆಯುತ್ತಿತ್ತು. ಟ್ರ್ಯಾಕ್ಟರಿನ ಗಾಲಿ ಗುರುತುಗಳಲ್ಲಿ ಮಳೆ ನೀರು ನಿಂತು ಅದರಲ್ಲಿ ಆಗಲೇ ಹುಳ ಆಡುತ್ತಿದ್ದವು. ದೂರದ ಒಂದು ಮೂಲೆಯಲ್ಲಿ, ಇನ್ನೂ ಅಗೆಯದೆ ಉಳಿದ ಅರ್ಧ ಎಕರೆ ಕರಿ ಕಟ್ಟೆಯಂತೆ ಎದ್ದು ನಿಂತಿತ್ತು.

ಮಾಣಿಕ ಬದುವಿನ ಮೇಲೆ ಕುಳಿತ. ನೆರೆಹೊಲದವನು ಎತ್ತು ನಿಲ್ಲಿಸಿ ಈ ಕಡೆ ನೋಡಿ, ಮತ್ತೆ ಎತ್ತು ಹೊಡೆದ.

ಕೌಸಲ್ಯಾ ಚೀಲವನ್ನು ಬದುವಿನ ನೆರಳಿಗೆ ಎಳೆದಳು. ಕೆಳಗೆ ಇಳಿದು ಗರಸಿಗೆ ಗುದ್ದಲಿಯ ಒಂದು ಪೆಟ್ಟು ಹಾಕಿದಳು. ಒಂದು ಹಿಡಿ ಎದ್ದಿತು. ಇನ್ನೊಂದು ಪೆಟ್ಟು. ಮೂರನೆಯದಕ್ಕೆ ಮಾಣಿಕ ಎದ್ದು ಅವಳ ಪಕ್ಕ ಬಂದು ನಿಂತ.

"ಎಷ್ಟ ಗೇಣ ಒಡಿಬೇಕವ್ವಾ?" ಎಂದು ಕೇಳಿದ.

ಕೌಸಲ್ಯಾ ಗುದ್ದಲಿ ತಡೆದಳು. ಮಾವ ತನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು. "ಎರಡ್ರಿ. ಎಲ್ಲಾ ಕಡಿ ಆಗಂಗಿಲ್ಲ. ಈ ವರ್ಷ ಬದುವಿನ ಗುಂಟ ಒಂದ ಸಾಲ ಕುಣಿ ತಗಿಯೋಣ. ಒಂದೊಂದಕ್ಕ ಎರಡ ಬೊಗಸಿ ಈ ಚೀಲದ್ದು. ಆ ಮೂಲ್ಯಾಗಿನ ಎರಿ ಜರಾ. ಎಲಿ, ಸೆಗಣಿ. ಮುಂದಿನ ವರ್ಷ ಮತ್ತೊಂದ ಸಾಲ."

"ಒಂದ ಗೇಣ ಮಣ್ಣ ಆಗ್ಲಾಕ ಎಷ್ಟ ವರ್ಷ ಬೇಕು?"

"ನನಗ ಗೊತ್ತಿಲ್ರಿ ಮಾವಾ. ನಮ್ಮಪ್ಪ ಮನ್ನಳ್ಳ್ಯಾಗ ನಲವತ್ತ ವರ್ಷ ಹಾಕ್ಯಾನ." ಅವಳು ಬೆವರು ಒರೆಸಿಕೊಂಡಳು. "ಇನ್ನಾ ಗೇಣಾಗಿಲ್ಲ."

ಮಾಣಿಕ ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡ. ಶೇವಂತಾಬಾಯಿ ಸೆರಗಿನ ತುದಿಯ ಗಂಟು ಬಿಚ್ಚಿದಳು. ಡ್ರಮ್ಮಿನ ಬುಡದ ಬಳ್ಳಿ ಒಣಗುವವರೆಗೆ ಕೊಟ್ಟ ಕವಡೆ ಅಲಸಂದೆ ಎರಡು ಹಿಡಿಯಷ್ಟಿತ್ತು. ಮೊದಲ ಕುಣಿ ತುಂಬಿದಾಗ ಮೂರು ಕಾಳು ಊರಿದಳು. ಎರಡನೆಯದಕ್ಕೂ ಮೂರು.

ಏಳನೆಯ ಕುಣಿಯ ಹೊತ್ತಿಗೆ ಮೋಟರ್ ಸೈಕಲ್ಲಿನ ಸದ್ದು ಕೇಳಿತು. ಮಚ್ಛೇಂದ್ರ ಗೋದಾಮಿಗೆ ರಜೆ ಹಾಕಿ ಬಂದಿದ್ದ. ಗಾಡಿಗೆ ಹೊಸ ಗುದ್ದಲಿಯೊಂದನ್ನು ಕಟ್ಟಿದ್ದ. ಅದರ ಹಿಡಿಗೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ಬದುವಿನವರೆಗೆ ಬಂದು, ಅಲ್ಲಿಂದ ಕೆಳಗಿನ ಹಳದಿ ನೆಲವನ್ನು ನೋಡಿ ನಿಂತುಬಿಟ್ಟ. ಟ್ರ್ಯಾಕ್ಟರುಗಳು ಬಂದ ದಿನ ಅವನು ರಸ್ತೆಯ ಮೇಲೆ ನಿಂತು ಮಾತು ಮುಗಿಸಿದ್ದ. ಹೊಲ ನೋಡಿ ಬಂದೆನೆಂದು ಹೇಳುತ್ತಿದ್ದ ಆಮೇಲಿನ ತಿಂಗಳುಗಳಲ್ಲಿಯೂ ಅವನು ಬದುವಿನ ತನಕ ಒಮ್ಮೆಯೂ ಬಂದಿರಲಿಲ್ಲ.

"ಅಪ್ಪಾ" ಎಂದ.

ಮಾಣಿಕ ಇನ್ನೊಂದು ಪೆಟ್ಟು ಹಾಕಿದ. ಕಾಶೀರಾಮನ ಕಾಲದಿಂದಲೂ ಆ ಬದು ಮತ್ತು ಹೊಲ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿದ್ದವು. ಹೊಲಕ್ಕೆ ಬರುವವರು ಒಂದು ಹೆಜ್ಜೆ ಇಟ್ಟರೆ ಸಾಕಾಗಿತ್ತು.

"ಬೂಟ ಬಿಚ್ಚು" ಎಂದ ಮಾಣಿಕ. "ನೋಡ್ಕೊಂಡು ಇಳಿ. ಈಗ ಆಳ ಆಗ್ಯಾದ."